ಹೊಡೆಯುವ ಕೈಯ ಹಿಂದಿನ ಮನಸ್ಸು: ಓದುಗರ ಪ್ರಶ್ನೆ, ಆಪ್ತಸಲಹೆಗಾರ್ತಿಯ ಉತ್ತರ

ಇತ್ತೀಚೆಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮನೆಯೊಳಗಿನ ಹಿಂಸೆಗೆ ಸಂಬಂಧಿಸಿದವೇ ಹೆಚ್ಚಾಗಿದ್ದುದರಿಂದ, ಅವುಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಗುರುತು ಹತ್ತದಂತೆ ವಿವರಗಳನ್ನು ಬದಲಿಸಲಾಗಿದೆ.

ಪ್ರಶ್ನೆ: ನಮ್ಮ ಯಜಮಾನರು ಹೋಟೆಲ್ ಉದ್ಯಮದಲ್ಲಿದ್ದಾರೆ. ಗಲ್ಲೆಯಲ್ಲಿ ಕುಳಿತಾಗ ಗಿರಾಕಿಗಳು ಎಷ್ಟೇ ರೇಗಿದರೂ ನಗುತ್ತಲೇ ಮಾತನಾಡುತ್ತಾರೆ. ಸಂಘದಲ್ಲಿ ಅವರಷ್ಟು ವಿನಯದವರಿಲ್ಲ ಎಂಬ ಹೆಸರಿದೆ. ಮನೆಯಲ್ಲಿ ಮಾತ್ರ ಸಣ್ಣ ವಿಷಯಕ್ಕೂ ಕೈ ಎತ್ತುತ್ತಾರೆ. ಮರುದಿನ ಅಳುತ್ತಾರೆ, ಸೀರೆ ತಂದುಕೊಡುತ್ತಾರೆ, 'ಆ ಹೊತ್ತಿಗೆ ನನಗೆ ಏನಾಗುತ್ತದೋ ತಿಳಿಯುವುದಿಲ್ಲ' ಎನ್ನುತ್ತಾರೆ. ಮಾವನವರೂ ಅತ್ತೆಯವರಿಗೆ ಹೀಗೆಯೇ ಹೊಡೆಯುತ್ತಿದ್ದರಂತೆ. ಇದು ಮಾನಸಿಕ ಕಾಯಿಲೆಯೇ? ಮಾತ್ರೆಯಿಂದ ಗುಣವಾಗುವುದೇ? (ಹೆಸರು ಬೇಡ, ಡೊಂಬಿವಲಿ)

ಉತ್ತರ: ಸಿಟ್ಟನ್ನು ತಡೆದುಕೊಳ್ಳುವ ಶಕ್ತಿಯೇ ಇಲ್ಲದ ಮನುಷ್ಯ ಮುಂಬಯಿಯಲ್ಲಿ ಹೋಟೆಲ್ ನಡೆಸಲಾರ. ಚಹಾ ತಣ್ಣಗಿದೆಯೆಂದು ಕೂಗಾಡುವ ಗಿರಾಕಿ, ಹೇಳದೆ ಕೇಳದೆ ಊರಿಗೆ ಹೊರಟುಬಿಡುವ ಅಡುಗೆಯವರು, ತಪಾಸಣೆಗೆಂದು ಬಂದು ನಿಲ್ಲುವ ಅಧಿಕಾರಿ, ಇವರೆಲ್ಲರ ನಡುವೆ ದಿನವಿಡೀ ನಗುತ್ತ ಇರಬಲ್ಲವರಿಗೆ ತಮ್ಮ ಮೇಲೆ ಸಾಕಷ್ಟು ಹತೋಟಿ ಇರಲೇಬೇಕು. ಆದ್ದರಿಂದ 'ಏನಾಗುತ್ತದೋ ತಿಳಿಯುವುದಿಲ್ಲ' ಎಂಬ ಮಾತನ್ನು ನಂಬುವ ಮೊದಲು ಕೆಲವು ಸಂಗತಿಗಳನ್ನು ಗಮನಿಸಿ. ಹೊಡೆಯುತ್ತಿರುವಾಗ ಬಾಗಿಲ ಬೆಲ್ ಆದರೆ ಕೈ ತಾನಾಗಿ ನಿಲ್ಲುತ್ತದೆಯೇ? ಪೆಟ್ಟು ಬೀಳುವುದು ಹೆಚ್ಚಾಗಿ ಬಟ್ಟೆಯೊಳಗೆ ಮರೆಯಾಗುವ ಭಾಗಗಳ ಮೇಲೆಯೇ? ಸಿಟ್ಟಿನಲ್ಲಿ ಒಡೆದು ಹಾಕಿದ ವಸ್ತುಗಳಲ್ಲಿ ಅವರದೇ ಮೊಬೈಲ್ ಒಮ್ಮೆಯಾದರೂ ಇತ್ತೇ? ನಿಮ್ಮ ಉತ್ತರಗಳು ನಾನು ಊಹಿಸುವಂತೆಯೇ ಇದ್ದರೆ, ಅವರು ಎಲ್ಲಿ, ಯಾರ ಮೇಲೆ, ಎಷ್ಟರ ಮಟ್ಟಿಗೆ ಎಂಬುದನ್ನು ಲೆಕ್ಕ ಹಾಕಬಲ್ಲ ಸ್ಥಿತಿಯಲ್ಲಿಯೇ ಇರುತ್ತಾರೆ ಎಂದಾಯಿತು.

ಕಾಯಿಲೆಯ ಸಾಧ್ಯತೆಯನ್ನು ನಾನು ತಳ್ಳಿಹಾಕುತ್ತಿಲ್ಲ. ಸಂಶಯದ ಭ್ರಮೆ, ಉನ್ಮಾದ, ತಲೆಗೆ ಬಿದ್ದ ಬಲವಾದ ಪೆಟ್ಟು, ಮರೆವಿನ ಕಾಯಿಲೆ ಮುಂತಾದವುಗಳಲ್ಲಿ ಮನುಷ್ಯ ಹಿಂಸೆಗಿಳಿಯುವುದುಂಟು. ಆದರೆ ಅಂಥ ಕಾಯಿಲೆ ಮನೆ ಯಾವುದು, ಹೋಟೆಲ್ ಯಾವುದು ಎಂದು ನೋಡಿ ಬರುವುದಿಲ್ಲ; ನಿದ್ದೆ ಕೆಡುವುದು, ಇಲ್ಲದ ಧ್ವನಿಗಳು ಕೇಳಿಸುವುದು, ಕೆಲಸದಲ್ಲಿ ಎಡವುವುದು, ಹೊರಗಿನವರ ಮೇಲೂ ಅನುಮಾನಪಡುವುದು ಮುಂತಾದ ಬೇರೆ ಲಕ್ಷಣಗಳೂ ಜೊತೆಯಲ್ಲಿಯೇ ಕಾಣಿಸಿಕೊಳ್ಳುತ್ತವೆ. ಹಾಗಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಹೆಂಡತಿಗೆ ಹೊಡೆಯುವ ಗಂಡಸರಲ್ಲಿ ಬಹುಪಾಲು ಜನರಿಗೆ ಇಂಥ ಯಾವ ಕಾಯಿಲೆಯೂ ಇರುವುದಿಲ್ಲ. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರಿಗೂ ಹೊಡೆಯುವುದಿಲ್ಲ. ಪಾಪ, ಅವರ ತಲೆಗೆ ಈ ಆರೋಪವನ್ನು ಕಟ್ಟುವುದು ಅನ್ಯಾಯ.

ಹಾಗಾದರೆ ಮನಶ್ಶಾಸ್ತ್ರಕ್ಕೆ ಇಲ್ಲಿ ಹೇಳುವುದೇನೂ ಇಲ್ಲವೇ ಎಂದು ನೀವು ಕೇಳಬಹುದು. ಬಹಳವಿದೆ. ಅಮೆರಿಕದ ಸಂಶೋಧಕರಾದ ಹೋಲ್ಟ್ಸ್‌ವರ್ತ್-ಮನ್ರೋ ಮತ್ತು ಸ್ಟುವರ್ಟ್ 1994ರಲ್ಲಿ ಹೊಡೆಯುವ ಗಂಡಸರನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಿದರು: ಮನೆಯೊಳಗೆ ಮಾತ್ರ ಹೊಡೆಯುವವರು; ಭಾವನೆಗಳು ವಿಪರೀತ ಏರುಪೇರಾಗುವ, ಹೆಂಡತಿ ತನ್ನನ್ನು ಬಿಟ್ಟುಹೋಗುತ್ತಾಳೆಂಬ ಭಯದಲ್ಲಿಯೇ ಬದುಕುವ, ಅತಿಯಾದ ಮತ್ಸರದವರು; ಮನೆಯ ಹೊರಗೂ ಹೊಡೆದಾಟ, ಅಪರಾಧಗಳಲ್ಲಿ ತೊಡಗುವವರು. ನಿಮ್ಮ ಪತ್ರವನ್ನು ನೋಡಿದರೆ ನಿಮ್ಮ ಪತಿ ಮೊದಲನೆಯ ಗುಂಪಿಗೆ ಹತ್ತಿರದವರೆಂದು ತೋರುತ್ತದೆಯಾದರೂ, ಕಾಣದ ವ್ಯಕ್ತಿಯ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ. ಇಂಥ ಗಂಡಸರಲ್ಲಿ ಮತ್ತೆ ಮತ್ತೆ ಕಾಣುವ ಒಂದು ಮನೋಧರ್ಮವನ್ನು ಮಾತ್ರ ಹೇಳಬಲ್ಲೆ. ಹೆಂಡತಿಯ ಸಹಜ ನಡವಳಿಕೆಯಲ್ಲಿಯೂ ಅವರಿಗೆ ಅವಮಾನ ಕಾಣುತ್ತದೆ. ಊಟ ಬಡಿಸುವುದು ತಡವಾದರೆ ಅದು ಕೆಲಸದ ಒತ್ತಡವಲ್ಲ, ತನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು. ಉತ್ತರ ಕೊಟ್ಟರೆ ಎದುರುವಾದ, ಸುಮ್ಮನಿದ್ದರೆ ಧಿಮಾಕು. ಒಳಗೆ ಹುಟ್ಟುವುದು ನಾಚಿಕೆ ಅಥವಾ ಭಯ. ಗಂಡಸಾದವನು ಅವನ್ನು ತೋರಿಸಬಾರದು ಎಂದು ಕಲಿತು ಬೆಳೆದುದರಿಂದ, ಹೊರಗೆ ಬರುವಾಗ ಅದು ಸಿಟ್ಟಿನ ವೇಷ ಹಾಕಿಕೊಂಡು ಬರುತ್ತದೆ. ಮಾಲೀಕನ ಎದುರು ಅದೇ ಅವಮಾನವನ್ನು ಅವರು ಸಹಿಸಿಕೊಳ್ಳುತ್ತಾರೆ, ಏಕೆಂದರೆ ಅಲ್ಲಿ ಹೊಡೆದರೆ ಆಗುವ ನಷ್ಟ ಅವರಿಗೆ ಗೊತ್ತಿದೆ. ಮನೆಯಲ್ಲಿ ಹೊಡೆದರೆ ನಷ್ಟವೇನೂ ಇಲ್ಲ. ಮಾತು ನಿಲ್ಲುತ್ತದೆ, ಊಟ ಬರುತ್ತದೆ, ಮನೆ ಅವರಿಗೆ ಬೇಕಾದಂತೆ ನಡೆಯುತ್ತದೆ. ಫಲ ಕೊಡುವ ನಡವಳಿಕೆ ಗಟ್ಟಿಯಾಗುತ್ತ ಹೋಗುತ್ತದೆ ಎಂಬುದು ಮನಶ್ಶಾಸ್ತ್ರದ ಅತ್ಯಂತ ಹಳೆಯ ತಿಳಿವಳಿಕೆಗಳಲ್ಲಿ ಒಂದು.

ಮಾವನವರ ವಿಷಯ ಬರೆದಿದ್ದೀರಿ. ದೊಡ್ಡವರು ಗಾಳಿ ತುಂಬಿದ ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ತಮಗೆ ಅವಕಾಶ ಸಿಕ್ಕಾಗ ಹಾಗೆಯೇ ಹೊಡೆಯುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1961ರ ಪ್ರಯೋಗದಲ್ಲಿ ತೋರಿಸಿದರು. ಮನೆಯಲ್ಲಿ ತಾಯಿಗೆ ಬೀಳುವ ಪೆಟ್ಟನ್ನು ನೋಡಿ ಬೆಳೆದ ಹುಡುಗ ಹೊಡೆಯುವುದನ್ನು ಮಾತ್ರವಲ್ಲ, ಹೊಡೆದ ಮೇಲೂ ಅಪ್ಪನ ತಟ್ಟೆಗೆ ಮೊದಲು ಊಟ ಬೀಳುತ್ತದೆ ಎಂಬುದನ್ನೂ ಕಲಿಯುತ್ತಾನೆ. ಹೀಗೆ ಬೆಳೆದವರಲ್ಲಿ ಹಿಂಸೆಯ ಸಾಧ್ಯತೆ ಹೆಚ್ಚು ಎಂಬುದು ನಿಜ. ಆದರೆ ಅಂಥ ಮನೆಗಳಿಂದ ಬಂದು ಹೆಂಡತಿಯ ಮೇಲೆ ಎಂದೂ ಕೈ ಎತ್ತದವರು ಬಹಳ ಜನರಿದ್ದಾರೆ. ಬಾಲ್ಯ ಕಾರಣವನ್ನು ತಿಳಿಸುತ್ತದೆ. ಅದು ಯಾರಿಗೂ ಅನುಮತಿ ಕೊಡುವುದಿಲ್ಲ.

ಇನ್ನು ಆ ಅಳು ಮತ್ತು ಸೀರೆ. 1979ರಲ್ಲಿ ಲೆನೋರ್ ವಾಕರ್ ಎಂಬ ಮನಶ್ಶಾಸ್ತ್ರಜ್ಞೆ, ಬಿಗುವು ಏರುವುದು, ಹೊಡೆತ, ಪಶ್ಚಾತ್ತಾಪ ಮತ್ತು ಪ್ರೀತಿ ಎಂಬ ಮೂರು ಹಂತಗಳ ಚಕ್ರವನ್ನು ವಿವರಿಸಿದರು. ಎಲ್ಲ ಮನೆಗಳೂ ಈ ಚಕ್ರದಂತೆಯೇ ನಡೆಯುವುದಿಲ್ಲ. ಕ್ಷಮೆಯ ಹಂತವೇ ಇಲ್ಲದ ಮನೆಗಳೂ ಇವೆ, ವರ್ಷಗಳು ಕಳೆದಂತೆ ಆ ಹಂತ ಕಿರಿದಾಗುತ್ತ ಹೋಗುವ ಮನೆಗಳೂ ಇವೆ. ನಿಮ್ಮ ಪತಿಯ ಅಳು ನಾಟಕವೆಂದು ನಾನು ಹೇಳಲಾರೆ. ಅಳು ನಿಜವಾಗಿದ್ದರೂ ಅದರಿಂದ ಮುಂದಿನ ಪೆಟ್ಟು ತಪ್ಪುವುದಿಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ.

ಮಾತ್ರೆಯ ಪ್ರಶ್ನೆಗೆ ನೇರ ಉತ್ತರ: ಹೆಂಡತಿಗೆ ಹೊಡೆಯುವುದನ್ನು ನಿಲ್ಲಿಸುವ ಮಾತ್ರೆ ಇಲ್ಲ. ವೈದ್ಯರ ಅಗತ್ಯ ಬಹುಶಃ ನಿಮಗೇ ಹೆಚ್ಚಿದೆ. ಸಂಗಾತಿಯ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ಖಿನ್ನತೆಯ ಸಾಧ್ಯತೆ ಇತರರಿಗಿಂತ ಸುಮಾರು ಎರಡು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರ ವರದಿಯಲ್ಲಿ ಹೇಳಿದೆ. ನಿದ್ದೆ ಬಾರದಿರುವುದು, ಬಾಗಿಲ ಕೀಲಿ ತಿರುಗುವ ಸದ್ದಿಗೆ ಎದೆ ಹೊಡೆದುಕೊಳ್ಳುವುದು, ಏನೂ ಬೇಡವೆನಿಸುವುದು ಇವೆಲ್ಲವೂ ಚಿಕಿತ್ಸೆಗೆ ಒಳಪಡುವ ತೊಂದರೆಗಳು. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಮುಂಬಯಿ ಮಹಾನಗರಪಾಲಿಕೆ ಮತ್ತು ಆರೋಗ್ಯ ಸಂಶೋಧನೆಯ ಸೆಹತ್ ಸಂಸ್ಥೆ ಸೇರಿ 2000ದಲ್ಲಿ ಆರಂಭಿಸಿದ ದಿಲಾಸಾ ಕೇಂದ್ರ ಇಂಥ ಮಹಿಳೆಯರಿಗೆಂದೇ ಇರುವಂಥದು. ಈಗ ಅದು ಪಾಲಿಕೆಯ ಇನ್ನೂ ಕೆಲವು ಆಸ್ಪತ್ರೆಗಳಲ್ಲಿದೆ. ನಿಮ್ಮ ಹತ್ತಿರದ ಕೇಂದ್ರ ಯಾವುದೆಂದು 181 ಮಹಿಳಾ ಸಹಾಯವಾಣಿಯಲ್ಲಿ ಕೇಳಿ ತಿಳಿಯಬಹುದು. ಪೆಟ್ಟಾದಾಗ ಯಾವ ಆಸ್ಪತ್ರೆಗೆ ಹೋದರೂ, ಬಚ್ಚಲಲ್ಲಿ ಜಾರಿದೆ ಎನ್ನಬೇಡಿ. ನಿಜ ಹೇಳಿ, ಬರೆಸಿ, ಕೇಸ್ ಪೇಪರನ್ನು ನಂಬಿಕೆಯವರ ಮನೆಯಲ್ಲಿಡಿ.

ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಲಾರೆ. ಯಾವ ಮನೆಯಲ್ಲಿ ಕೊಲೆಯ ಅಪಾಯವಿದೆ ಎಂಬುದನ್ನು ಅಂದಾಜು ಮಾಡಲು ದಾದಿಯಾಗಿದ್ದು ಸಂಶೋಧಕಿಯಾದ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಕುತ್ತಿಗೆ ಹಿಸುಕಿರುವುದು, ಕೊಲ್ಲುತ್ತೇನೆಂಬ ಬೆದರಿಕೆ, ಆಯುಧ, ಬಸುರಿಯಾಗಿದ್ದಾಗ ಹೊಡೆದಿರುವುದು, ಬಲವಂತದ ಲೈಂಗಿಕ ಸಂಪರ್ಕ, ಮಿತಿಮೀರಿದ ಸಂಶಯ, ಹೊಡೆತಗಳ ನಡುವಿನ ಅಂತರ ಕಡಿಮೆಯಾಗುತ್ತಿರುವುದು ಇವು ಅದರಲ್ಲಿನ ಮುಖ್ಯ ಚಿಹ್ನೆಗಳು. ವಿಶೇಷವಾಗಿ ಕುತ್ತಿಗೆಗೆ ಕೈ ಹಾಕಿರುವುದು ಒಮ್ಮೆ ನಡೆದಿದ್ದರೂ, ಗಾಯ ಕಾಣದಿದ್ದರೂ, ಅದನ್ನು ಉಳಿದ ಪೆಟ್ಟುಗಳ ಸಾಲಿಗೆ ಸೇರಿಸಬೇಡಿ. ಇವುಗಳಲ್ಲಿ ಯಾವುದಾದರೂ ಇದ್ದರೆ ನನ್ನ ಮುಂದಿನ ಉತ್ತರಕ್ಕೆ ಕಾಯದೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.

ಪ್ರಶ್ನೆ: ನನ್ನ ಮಗ ಕುಡಿದಾಗ ಮಾತ್ರ ಸೊಸೆಗೆ ಹೊಡೆಯುತ್ತಾನೆ. ಕುಡಿತ ಬಿಡಿಸಿದರೆ ಎಲ್ಲ ಸರಿಹೋಗುವುದಲ್ಲವೇ? (ಓರ್ವ ತಾಯಿ, ಭಾಂಡುಪ್)

ಉತ್ತರ: ಅಮ್ಮಾ, ಕುಡಿತಕ್ಕೂ ಹೊಡೆತಕ್ಕೂ ಇರುವ ನಂಟು ನಿಜವಾದುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಗಂಡ ಪದೇ ಪದೇ ಕುಡಿದು ಮತ್ತನಾಗುವ ಮನೆಗಳ ಮಹಿಳೆಯರಲ್ಲಿ ಶೇ. 70ರಷ್ಟು ಜನ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಅನುಭವಿಸಿದ್ದಾರೆ. ಆದರೆ ಗಂಡ ಕುಡಿಯದೇ ಇರುವ ಮನೆಗಳಲ್ಲಿಯೂ ಆ ಪ್ರಮಾಣ ಶೇ. 23 ಇದೆ. ಮದ್ಯವು ಮುಂದಾಲೋಚನೆಯನ್ನು ಕುಗ್ಗಿಸುತ್ತದೆ, ಎದುರಿಗಿರುವ ಕಿರಿಕಿರಿಯನ್ನು ದೊಡ್ಡದು ಮಾಡುತ್ತದೆ. ಯಾರಿಗೆ ಹೊಡೆಯಬಹುದು ಎಂಬ ನಂಬಿಕೆಯನ್ನು ಮಾತ್ರ ಅದು ಹುಟ್ಟಿಸುವುದಿಲ್ಲ. ಬಾರಿನಲ್ಲಿ ಜೊತೆಗೆ ಕುಳಿತವರಿಗೆ ನಿಮ್ಮ ಮಗ ಹೊಡೆದುದುಂಟೇ? ಕುಡಿತಕ್ಕೆ ಚಿಕಿತ್ಸೆ ಕೊಡಿಸಿ, ಅದು ಅಗತ್ಯವೇ. ಬಹುಕಾಲ ಪ್ರತಿದಿನ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿರುವುದರಿಂದ ವೈದ್ಯರ ನಿಗಾದಲ್ಲಿಯೇ ಬಿಡಿಸಿ. ಹೊಡೆತವನ್ನು ಬೇರೆಯೇ ವಿಷಯವಾಗಿ ಎತ್ತಿಕೊಳ್ಳಿ. 'ಕುಡಿದಿದ್ದ, ಬಿಟ್ಟುಬಿಡು' ಎಂದು ಸೊಸೆಗೆ ಹೇಳುವುದನ್ನು ಇಂದೇ ನಿಲ್ಲಿಸಿ. ಆ ಮನೆಯಲ್ಲಿ ನಿಮ್ಮ ಮಾತಿಗೆ ತೂಕವಿದೆ, ಅದು ಈವರೆಗೆ ಮಗನ ಕಡೆಗೇ ಬಿದ್ದಿದೆ.

ಪ್ರಶ್ನೆ: ನನ್ನ ತಂಗಿ ಗಂಡನ ಹೊಡೆತ ತಾಳಲಾರದೆ ಎರಡು ಸಲ ಊರಿಗೆ, ತಾಯಿಯ ಮನೆಗೆ ಬಂದಳು. ಎರಡು ಸಲವೂ ಬಾವ ಫೋನು ಮಾಡಿ ಕರೆದ ಕೂಡಲೇ ಹೋಗಿಬಿಟ್ಟಳು. ಫ್ಲ್ಯಾಟ್ ಅವಳ ಮಾವನ ಹೆಸರಿನಲ್ಲಿದೆ. ಓದಿದವಳು, ಹಿಂದೆ ಕೆಲಸದಲ್ಲಿದ್ದವಳು. ಈಗ ನಮಗೇ ಬೇಸರ ಬಂದಿದೆ. ಹೊಡೆಸಿಕೊಳ್ಳುವುದೇ ಅವಳಿಗೆ ರೂಢಿಯಾಗಿದೆಯೇ? (ಓರ್ವ ಅಕ್ಕ, ಮುಲುಂಡ್)

ಉತ್ತರ: ಇಲ್ಲ. ಹೊಡೆಸಿಕೊಳ್ಳುವುದರಲ್ಲಿ ಹೆಣ್ಣಿಗೆ ಒಳಗೊಳಗೇ ಸುಖವಿದೆ ಎಂಬ ವಾದ ಒಂದು ಕಾಲದಲ್ಲಿ ಮನಶ್ಶಾಸ್ತ್ರದ ಹೆಸರಿನಲ್ಲಿಯೇ ಚಲಾವಣೆಯಲ್ಲಿತ್ತು. ನಮ್ಮ ಶಾಸ್ತ್ರ ನಾಚಿಕೊಳ್ಳಬೇಕಾದ ವಿಷಯಗಳಲ್ಲಿ ಅದೂ ಒಂದು.

ಆ ಮೇಲೆ ಬಂದ ವಿವರಣೆ 'ಕಲಿತ ಅಸಹಾಯಕತೆ'ಯದು. ತಪ್ಪಿಸಿಕೊಳ್ಳಲಾಗದಂತೆ ವಿದ್ಯುದಾಘಾತ ಕೊಟ್ಟ ನಾಯಿಗಳು, ಮುಂದೆ ದಾರಿ ತೆರೆದಿದ್ದರೂ ಏಳದೆ ಮಲಗಿಬಿಟ್ಟವು ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಸೆಲಿಗ್ಮನ್ ಮತ್ತು ಮೇಯರ್ 1967ರಲ್ಲಿ ವರದಿ ಮಾಡಿದರು. ವಾಕರ್ ಅದನ್ನು ಹೊಡೆತ ತಿನ್ನುವ ಹೆಂಡತಿಯರಿಗೆ ಅನ್ವಯಿಸಿದರು. ಇದು ಎಷ್ಟು ಜನಪ್ರಿಯವಾಯಿತೋ ಅಷ್ಟೇ ಟೀಕೆಗೂ ಒಳಗಾಯಿತು. ಸಂಶೋಧಕರಾದ ಗೊಂಡಾಲ್ಫ್ ಮತ್ತು ಫಿಶರ್ 1988ರಲ್ಲಿ, ಹಿಂಸೆ ಹೆಚ್ಚಿದಂತೆ ಮಹಿಳೆಯರು ನೆರವು ಕೇಳುವುದೂ ಹೆಚ್ಚುತ್ತದೆ, ನೆರವು ಕೊಡಬೇಕಾದವರೇ ಕೈಚೆಲ್ಲುತ್ತಾರೆ ಎಂದು ವಾದಿಸಿದರು. ಮೇಯರ್ ಮತ್ತು ಸೆಲಿಗ್ಮನ್ ಅವರೇ 2016ರಲ್ಲಿ ತಮ್ಮ ಸಿದ್ಧಾಂತವನ್ನು ತಿರುವಿಹಾಕಿ, ತೀವ್ರ ಆಘಾತದ ಮುಂದೆ ನಿಷ್ಕ್ರಿಯವಾಗುವುದು ಜೀವಿಯ ಸಹಜ ಪ್ರತಿಕ್ರಿಯೆ, ಕಲಿಯಬೇಕಾಗಿರುವುದು ಪರಿಸ್ಥಿತಿ ತನ್ನ ಹತೋಟಿಗೆ ಬರಬಲ್ಲದು ಎಂಬುದನ್ನು ಎಂದರು. ನನಗೆ ಈ ತಿದ್ದುಪಡಿ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಇದರ ಪ್ರಕಾರ ನಿಮ್ಮ ತಂಗಿಯಲ್ಲಿ ಕೆಟ್ಟುಹೋದುದೇನೂ ಇಲ್ಲ. ಹೆಜ್ಜೆಯಿಟ್ಟರೆ ಫಲ ಸಿಗುತ್ತದೆ ಎಂಬ ಅನುಭವ ಅವಳಿಗೆ ಬೇಕಾಗಿದೆ, ಅಷ್ಟೆ.

ಫೋನು ಬಂದ ಕೂಡಲೇ ಹೋದುದಕ್ಕೆ ಇನ್ನೊಂದು ಕಾರಣವಿದೆ. ಒಬ್ಬರ ಕೈಯಲ್ಲಿ ಹೆಚ್ಚಿನ ಅಧಿಕಾರವಿದ್ದು, ಅವರೇ ಒಮ್ಮೆ ನೋವನ್ನೂ ಒಮ್ಮೆ ಪ್ರೀತಿಯನ್ನೂ ಕೊಡುತ್ತಿದ್ದರೆ, ಆ ಸಂಬಂಧ ಸಡಿಲವಾಗುವ ಬದಲು ಬಿಗಿಯಾಗುತ್ತದೆ ಎಂದು ಸಂಶೋಧಕರಾದ ಡಟನ್ ಮತ್ತು ಪೇಂಟರ್ 1981ರಲ್ಲಿ ವಿವರಿಸಿದರು. ದೂರ ಹೋದ ಮೊದಲ ದಿನಗಳಲ್ಲಿ ಭಯ ಇಳಿಯುತ್ತದೆ; ಭಯ ಇಳಿದಂತೆ ಹಳೆಯ ಪ್ರೀತಿಯ ನೆನಪು ಮೇಲೆ ಬರುತ್ತದೆ. ಕರೆ ಬರುವುದು ಸರಿಯಾಗಿ ಆ ಹೊತ್ತಿಗೆ. ಜೊತೆಗೆ ಅವಳ ಲೆಕ್ಕಾಚಾರವನ್ನೂ ಗೌರವಿಸಿ ನೋಡಿ: ಮಕ್ಕಳ ಶಾಲೆ ಇಲ್ಲಿ, ಕೈಯಲ್ಲಿ ಸಂಬಳವಿಲ್ಲ, ಊರಿನಲ್ಲಿ ಅಣ್ಣಂದಿರ ಮನೆಯಲ್ಲಿ ಎಷ್ಟು ದಿನ ಎಂಬ ಪ್ರಶ್ನೆ, ಬಿಟ್ಟುಬಂದರೆ ಗಂಡ ಏನು ಮಾಡುವನೋ ಎಂಬ ಹೆದರಿಕೆ. ಆ ಹೆದರಿಕೆ ಕಲ್ಪನೆಯದಲ್ಲ. ಹೆಂಡತಿ ಬಿಟ್ಟುಹೋಗುವ ಕಾಲದಲ್ಲಿ ಮತ್ತು ಹೋದ ನಂತರದ ದಿನಗಳಲ್ಲಿ ಹಿಂಸೆ ಪ್ರಾಣಾಂತಿಕವಾಗುವ ಅಪಾಯ ಹೆಚ್ಚು ಎಂಬುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಅಳಿಯಸಂತಾನದ ನೆನಪುಳ್ಳ ನಮ್ಮ ಕರಾವಳಿಯ ಮನೆತನಗಳಲ್ಲಿ ಹೆಣ್ಣಿಗೆ ತವರಿನಲ್ಲಿ ಸ್ಥಾನವಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮುಂಬಯಿಯ ಎರಡು ಕೋಣೆಯ ಮನೆಗಳಲ್ಲಿ ಆ ಸ್ಥಾನ ಒಂದು ಹಾಸಿಗೆಯಷ್ಟೂ ಉಳಿದಿಲ್ಲ.

ಫ್ಲ್ಯಾಟ್ ಮಾವನ ಹೆಸರಿನಲ್ಲಿದೆ ಎಂಬುದು ಅವಳನ್ನು ಕಟ್ಟಿಹಾಕಿದ್ದರೆ, ಈ ವಿಷಯ ತಿಳಿಸಿ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 17ನೆಯ ಸೆಕ್ಷನ್, ಆಸ್ತಿ ಯಾರ ಹೆಸರಿನಲ್ಲಿದ್ದರೂ, ತಾನು ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಣ್ಣಿಗೆ ಕೊಡುತ್ತದೆ. ಆ ಮನೆ ಗಂಡನ ಸಂಬಂಧಿಕರ ಹೆಸರಿನಲ್ಲಿದ್ದರೂ ಅದು ಈ ಹಕ್ಕಿಗೆ ಒಳಪಡಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅತ್ತೆ ಮಾವಂದಿರ ಹಿತವನ್ನೂ ನ್ಯಾಯಾಲಯ ತೂಗಿ ನೋಡುತ್ತದೆ ಎಂಬುದನ್ನು ಮರೆಯಬಾರದು. ಪೊಲೀಸ್ ಠಾಣೆಯಲ್ಲಿ ಎನ್.ಸಿ. (ಪೊಲೀಸರು ತಾವಾಗಿ ತನಿಖೆಗೆ ಇಳಿಯದ ಸಣ್ಣ ದೂರು) ಎಂದು ಬರೆದುಕೊಂಡು ಕಳುಹಿಸಿದರೆ ಅಲ್ಲಿಗೆ ನಿಲ್ಲಬೇಡಿ. ಗಂಡನ ಕ್ರೌರ್ಯ ಹಿಂದೆ ದಂಡ ಸಂಹಿತೆಯ 498ಎ ಸೆಕ್ಷನ್‌ನಲ್ಲಿದ್ದುದು ಈಗ ಭಾರತೀಯ ನ್ಯಾಯ ಸಂಹಿತೆಯ 85ನೆಯ ಸೆಕ್ಷನ್‌ನಲ್ಲಿದೆ. ಹೆಂಡತಿಯೋ ಅವಳ ಹತ್ತಿರದ ಸಂಬಂಧಿಕರೋ ದೂರು ಕೊಟ್ಟರೆ ಪೊಲೀಸರು ಎಫ್.ಐ.ಆರ್. ದಾಖಲಿಸಬೇಕಾದ ಅಪರಾಧ ಅದು. ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1984ರಲ್ಲಿ ಮುಂಬಯಿ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ಆರಂಭಿಸಿದ ಮಹಿಳೆ ಮತ್ತು ಮಕ್ಕಳ ವಿಶೇಷ ಘಟಕ ಇಂದು ರಾಜ್ಯದ ಹಲವೆಡೆ ಪೊಲೀಸ್ ವ್ಯವಸ್ಥೆಯೊಳಗೇ ಕೆಲಸ ಮಾಡುತ್ತಿದೆ. ಅಲ್ಲಿನ ಸಮಾಜ ಕಾರ್ಯಕರ್ತರ ಮೂಲಕ ಹೋದರೆ ಠಾಣೆಯ ಅನುಭವವೇ ಬೇರೆಯಾಗುತ್ತದೆ.

ನಿಮ್ಮಿಂದ ಬೇಕಾಗಿರುವುದು ಬೇಸರ ಮಾಡಿಕೊಳ್ಳದಿರುವುದು. ಬಿಟ್ಟುಬಂದು, ಮರಳಿ ಹೋಗಿ, ಮತ್ತೆ ಬಂದು, ಕೊನೆಗೊಮ್ಮೆ ನಿಲ್ಲುವುದು ಬಹಳ ಹೆಂಗಸರ ದಾರಿ. ಮಂಗಳೂರಿನಲ್ಲಿ ಬೆಳೆದು ಮುಂಬಯಿಯಲ್ಲಿ ಹೆಸರಾದ ವಕೀಲೆ ಫ್ಲೇವಿಯಾ ಆಗ್ನೆಸ್ ತಮ್ಮ ದಾಂಪತ್ಯದ ಹಿಂಸೆಯನ್ನು ತಾವೇ ಬರೆದು ಹೇಳಿದವರು. ವರ್ಷಗಳ ಕಾಲ ಸಹಿಸಿ, ಆಮೇಲೆ ಕಾನೂನು ಓದಿ, ತಮ್ಮಂಥವರ ಪರವಾಗಿ ಹೋರಾಡಲು ಮಜ್ಲಿಸ್ ಸಂಸ್ಥೆಯನ್ನು ಕಟ್ಟಿದರು. 'ಈ ಸಲ ಹೋದರೆ ಮತ್ತೆ ಬರಬೇಡ' ಎಂಬ ಮಾತು ಸಿಟ್ಟಿನಲ್ಲಿಯೂ ನಿಮ್ಮ ಬಾಯಿಂದ ಬಾರದಿರಲಿ. ನಿಮ್ಮ ಬಾವ ಕಾಯುತ್ತಿರುವುದು ಅದಕ್ಕೇ.

ಪ್ರಶ್ನೆ: ನನಗೆ 31 ವರ್ಷ. ಜಗಳದಲ್ಲಿ ಎರಡು ಬಾರಿ ಹೆಂಡತಿಗೆ ಹೊಡೆದಿದ್ದೇನೆ. ಎರಡನೆಯ ಸಲ ಅವಳ ಕಿವಿಗೆ ಪೆಟ್ಟಾಯಿತು. ಈಗ ತವರಿನಲ್ಲಿದ್ದಾಳೆ. ನಾನು ಕೆಟ್ಟವನಲ್ಲ, ಆದರೆ ಅವಳ ಮಾತು ಕೆರಳಿಸುತ್ತದೆ. ನಮ್ಮ ಸಂಘದ ಹಿರಿಯರನ್ನು ಕಳುಹಿಸಿ ಕರೆಸಿಕೊಳ್ಳಲೇ, ಇಬ್ಬರೂ ಒಟ್ಟಿಗೆ ಕೌನ್ಸೆಲಿಂಗ್‌ಗೆ ಬರಲೇ? (ಓರ್ವ ಓದುಗ, ಠಾಣೆ)

ಉತ್ತರ: ಬರೆದಿದ್ದೀರಿ, ಅದು ಒಳ್ಳೆಯದೇ, ಇಂಥ ಪತ್ರ ಗಂಡಸರಿಂದ ಬರುವುದು ಅಪರೂಪ. ಆದರೆ ಎರಡೂ ಬೇಡ. ಹಿರಿಯರು ಹೋಗಿ ಹೇಳುವುದು ಏನೆಂದು ನನಗೆ ಗೊತ್ತಿದೆ: ಸಂಸಾರವೆಂದ ಮೇಲೆ ಇದ್ದದ್ದೇ, ಹೊಂದಿಕೊಂಡು ಹೋಗು. ಆ ರಾಜಿಯಲ್ಲಿ ಹೊಂದಿಕೊಳ್ಳುವವಳು ಯಾವಾಗಲೂ ಒಬ್ಬಳೇ. ಇನ್ನು ಹಿಂಸೆ ನಡೆದಿರುವಾಗ ದಂಪತಿಯನ್ನು ಒಟ್ಟಿಗೆ ಕೂರಿಸಿ ಮಾತನಾಡಿಸುವುದನ್ನು ನಾನು ಒಪ್ಪುವುದಿಲ್ಲ. ಹೊಡೆತ ತಿಂದವಳು ಹೊಡೆದವನ ಎದುರು ನಿಜ ಹೇಳಲಾರಳು. ಹೇಳಿದರೆ ಮನೆಗೆ ಹೋದ ಮೇಲೆ ಅದರ ಬೆಲೆ ತೆರಬೇಕಾಗಬಹುದು. ಅದೂ ಅಲ್ಲದೆ, ಇದು ಇಬ್ಬರ ಸಮಸ್ಯೆ ಎಂಬ ಭಾವನೆ ಆ ಕೋಣೆಯಲ್ಲಿ ತಾನಾಗಿ ಹುಟ್ಟುತ್ತದೆ. ಜಗಳ ಇಬ್ಬರದಾಗಿರಬಹುದು, ಪೆಟ್ಟು ನಿಮ್ಮೊಬ್ಬರದು.

'ಅವಳ ಮಾತು ಕೆರಳಿಸುತ್ತದೆ' ಎಂಬ ವಾಕ್ಯದ ಮೇಲೆ ನೀವು ಕೆಲಸ ಮಾಡಬೇಕಾಗಿದೆ. ಮಾತಿಗೂ ಕೈ ಏಳುವುದಕ್ಕೂ ನಡುವೆ ಒಂದು ಯೋಚನೆ ಹಾದುಹೋಗುತ್ತದೆ, ಅದು ಎಷ್ಟು ಬೇಗ ಹೋಗುತ್ತದೆಯೆಂದರೆ ಇದ್ದುದೇ ತಿಳಿಯುವುದಿಲ್ಲ. 'ಇವಳು ನನಗೆ ಹೀಗೆ ಹೇಳಬಹುದೇ', 'ಇವಳಿಗೆ ಬುದ್ಧಿ ಕಲಿಸದಿದ್ದರೆ ತಲೆಯ ಮೇಲೆ ಕೂರುತ್ತಾಳೆ' ಎಂಬಂಥದ್ದು. ಈ ಯೋಚನೆ ನೀವೊಬ್ಬರೇ ಕಟ್ಟಿದ್ದಲ್ಲ. ಮೇಲೆ ಹೇಳಿದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹೇಳದೆ ಹೊರಗೆ ಹೋಗುವುದು, ಅಡುಗೆ ಸರಿಯಾಗಿ ಮಾಡದಿರುವುದು, ಎದುರು ಮಾತನಾಡುವುದು, ಅತ್ತೆ ಮಾವಂದಿರಿಗೆ ಗೌರವ ಕೊಡದಿರುವುದು ಮುಂತಾದ ಏಳು ಕಾರಣಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೊಡೆಯುವುದು ಸರಿಯೇ ಎಂದು ಕೇಳಿದಾಗ, ಕರ್ನಾಟಕದಲ್ಲಿ ಶೇ. 77ರಷ್ಟು ಮಹಿಳೆಯರೂ ಶೇ. 82ರಷ್ಟು ಪುರುಷರೂ ಹೌದೆಂದರು. ಮಹಾರಾಷ್ಟ್ರದಲ್ಲಿ ಹೌದೆಂದ ಮಹಿಳೆಯರು ಶೇ. 44. ಘಟ್ಟ ಇಳಿದು, ಲೋಕಲ್ ಹತ್ತಿ, ಮೂರು ತಲೆಮಾರು ಮುಂಬಯಿಯಲ್ಲಿ ಬದುಕಿದ ಮೇಲೂ ಊರಿನಿಂದ ನಾವು ಏನನ್ನು ಜೋಪಾನವಾಗಿ ತಂದಿದ್ದೇವೆ ಎಂದು ಆ ಅಂಕಿಗಳನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುತ್ತದೆ.

ಏನು ಮಾಡಬೇಕು? ಕೌನ್ಸೆಲಿಂಗ್‌ಗೆ ನೀವೊಬ್ಬರೇ ಹೋಗಿ. ಕೇವಲ ಸಿಟ್ಟನ್ನು ಇಳಿಸಿಕೊಳ್ಳುವ ಅಭ್ಯಾಸಗಳಿಗೆ ತೃಪ್ತರಾಗಬೇಡಿ. ಕಚೇರಿಯಲ್ಲಿ ನಿಮಗೆ ಅದರ ಅಗತ್ಯ ಬಿದ್ದಿಲ್ಲವಲ್ಲ. ಹೊಡೆದ ದಿನಗಳನ್ನು, ಹೊಡೆಯದಿದ್ದರೂ ಬಾಗಿಲು ಬಡಿದ, ಬೈದ, ಮಾತು ಬಿಟ್ಟು ಹೆದರಿಸಿದ ದಿನಗಳನ್ನು, ಪ್ರತಿಯೊಂದಕ್ಕೂ ಮೊದಲು ಮನಸ್ಸಿನಲ್ಲಿ ಓಡಿದ ಮಾತನ್ನು ಬರೆದು ಸಲಹೆಗಾರರ ಮುಂದಿಡಿ. ಅಮೆರಿಕದ ಡುಲುತ್ ನಗರದಲ್ಲಿ 1981ರಲ್ಲಿ ಇಂಥ ಗಂಡಸರಿಗಾಗಿ ಗುಂಪು ತರಗತಿಗಳು ಆರಂಭವಾದವು. ಅವುಗಳ ಫಲಿತಾಂಶವನ್ನು ಪರೀಕ್ಷಿಸಿದ ಅಧ್ಯಯನಗಳು ಅಂಥ ದೊಡ್ಡ ಯಶಸ್ಸನ್ನೇನೂ ತೋರಿಸಿಲ್ಲವಾದುದರಿಂದ, ನಾಲ್ಕು ಸಲ ಬಂದು ಹೋದರೆ ಬದಲಾಗುವಿರಿ ಎಂದು ನಾನು ಭರವಸೆ ಕೊಡಲಾರೆ. ಮೊದಲ ಹೆಜ್ಜೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಹೆಂಡತಿಗೆ ದಿನವೂ ಫೋನು ಮಾಡಿ ಕ್ಷಮೆ ಕೇಳುವುದನ್ನು ನಿಲ್ಲಿಸಿ, ಕಿವಿಯ ಚಿಕಿತ್ಸೆಯ ಖರ್ಚನ್ನು ಷರತ್ತಿಲ್ಲದೆ ಕೊಡಿ. ಬರುವುದು, ಬಾರದಿರುವುದು ಅವರ ತೀರ್ಮಾನ.

ಪ್ರಶ್ನೆ: ಗಂಡ ಎಂದೂ ಹೊಡೆದಿಲ್ಲ. ಆದರೆ ನನ್ನ ಸಂಬಳದ ಖಾತೆಯ ಓಟಿಪಿ ಅವರ ಫೋನಿಗೆ ಹೋಗುತ್ತದೆ. ಆಫೀಸಿನಿಂದ ಹೊರಟ ಕೂಡಲೇ ಲೊಕೇಶನ್ ಕಳುಹಿಸಬೇಕು. ಅಮ್ಮನೊಂದಿಗೆ ಸ್ಪೀಕರ್ ಹಾಕಿಯೇ ಮಾತನಾಡಬೇಕು. ಇದನ್ನು ಹಿಂಸೆ ಎಂದರೆ ಅತಿಯಾಗುವುದೇ? (ಓದುಗಳು, ನೆರೂಳ್)

ಉತ್ತರ: ಅತಿಯಾಗುವುದಿಲ್ಲ. ಸಮಾಜಶಾಸ್ತ್ರಜ್ಞ ಇವಾನ್ ಸ್ಟಾರ್ಕ್ 2007ರಲ್ಲಿ ಇದನ್ನು ಬಲವಂತದ ನಿಯಂತ್ರಣ ಎಂದು ವಿವರವಾಗಿ ಪ್ರತಿಪಾದಿಸಿದರು: ಹಣ, ಓಡಾಟ, ಸ್ನೇಹ, ನಿದ್ದೆ, ಉಡುಪು, ಹೀಗೆ ದಿನನಿತ್ಯದ ಒಂದೊಂದೇ ಆಯ್ಕೆಯನ್ನು ಕಿತ್ತುಕೊಳ್ಳುತ್ತ, ಹೊಡೆಯುವ ಅಗತ್ಯವೇ ಬೀಳದಂತೆ ಹೆಣ್ಣನ್ನು ಬಂಧಿಸುವ ಕ್ರಮ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನು ಇದನ್ನು ಅಪರಾಧವೆಂದು ಘೋಷಿಸಿತು. ನಮ್ಮ 2005ರ ಕೌಟುಂಬಿಕ ಹಿಂಸೆಯ ಕಾಯ್ದೆ ಅದಕ್ಕಿಂತ ಮೊದಲೇ, ತನ್ನ 3ನೆಯ ಸೆಕ್ಷನ್‌ನಲ್ಲಿ ದೈಹಿಕ ಮತ್ತು ಲೈಂಗಿಕ ಹಿಂಸೆಯ ಜೊತೆಗೆ ಮಾತಿನ ಮತ್ತು ಭಾವನಾತ್ಮಕ ಹಿಂಸೆ ಹಾಗೂ ಆರ್ಥಿಕ ಹಿಂಸೆಯನ್ನೂ ಹೆಸರಿಸಿದೆ. ಇಂಥ ಹಿಂಸೆಯ ಮಾನಸಿಕ ಪರಿಣಾಮ ವಿಚಿತ್ರವಾದುದು. ಗಾಯವಿಲ್ಲದುದರಿಂದ ಸಾಕ್ಷಿ ಇಲ್ಲ. ಸಾಕ್ಷಿ ಇಲ್ಲದುದರಿಂದ ನಿಮ್ಮ ಅನುಭವವನ್ನೇ ನೀವು ಸಂಶಯಿಸಲಾರಂಭಿಸುತ್ತೀರಿ, 'ಅತಿಯಾಗುವುದೇ' ಎಂದು ನನ್ನನ್ನು ಕೇಳುವಿರಿ. ಒಂದು ಪರೀಕ್ಷೆ ಇದೆ: ನಾಳೆ ಲೊಕೇಶನ್ ಕಳುಹಿಸದಿದ್ದರೆ ಏನಾಗುತ್ತದೆ ಎಂದು ನೆನೆದಾಗ ಮನಸ್ಸಿನಲ್ಲಿ ಬರುವುದು ಸಣ್ಣ ಕಿರಿಕಿರಿಯೋ, ಭಯವೋ? ಪರೀಕ್ಷೆಯನ್ನು ಮನಸ್ಸಿನಲ್ಲಿ ಮಾತ್ರ ಮಾಡಿ. ಸಲಹೆ ಪಡೆಯಲು ಆಫೀಸಿನ ಅಥವಾ ಗೆಳತಿಯ ಫೋನನ್ನು ಬಳಸಿ, ಅವರ ಕೈಗೆ ಸಿಗುವ ಫೋನನ್ನಲ್ಲ. ಉಚಿತ ಕಾನೂನು ನೆರವಿಗೆ 15100 ಇದೆ. ಸಂಬಳ ಯಾವ ಖಾತೆಗೆ ಹೋಗಬೇಕೆಂಬುದನ್ನು ಬದಲಿಸುವುದು ಸರಿಯಾದ ಹೆಜ್ಜೆಯೇ ಆದರೂ, ನಿಮ್ಮ ಸುರಕ್ಷತೆಯ ಏರ್ಪಾಡು ಆದ ಮೇಲೆ ಅದನ್ನು ಮಾಡಿ. ಹಿಡಿತ ತಪ್ಪುತ್ತಿದೆ ಎಂದು ತಿಳಿದ ದಿನ ಇಂಥವರು ಮೊದಲ ಬಾರಿಗೆ ಕೈ ಎತ್ತುವುದುಂಟು.

ಪ್ರಶ್ನೆ: ಪಕ್ಕದ ಮನೆಯಿಂದ ರಾತ್ರಿ ಹೊಡೆಯುವ ಸದ್ದು, ಹೆಂಗಸಿನ ಅಳು ಕೇಳಿಸುತ್ತದೆ. ನಮ್ಮ ಸೊಸೈಟಿಯಲ್ಲಿ ಯಾರೂ ಮಾತನಾಡುವುದಿಲ್ಲ. ಗಂಡ ಹೆಂಡಿರ ನಡುವೆ ನಾವು ಹೋಗಬಹುದೇ? (ನಿವೃತ್ತ ಶಿಕ್ಷಕರು, ಕಾಂದಿವಲಿ)

ಉತ್ತರ: ಮಾಸ್ತರೇ, ಕೇಳಿಸಿಕೊಂಡವರು ಹೆಚ್ಚಾದಷ್ಟೂ ಪ್ರತಿಯೊಬ್ಬರೂ 'ಇನ್ನೊಬ್ಬರು ನೋಡಿಕೊಳ್ಳುತ್ತಾರೆ' ಎಂದುಕೊಂಡು ಸುಮ್ಮನಾಗುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಲಟಾನೆ 1968ರ ಪ್ರಯೋಗದಲ್ಲಿ ಕಂಡರು. ನಿಮ್ಮ ಮಹಡಿಯಲ್ಲಿ ಆಗುತ್ತಿರುವುದೂ ಅದೇ ಇರಬಹುದು. ನೀವೊಬ್ಬರು ಅಲುಗಿದರೆ ಇನ್ನಿಬ್ಬರು ಬಾಗಿಲು ತೆರೆಯುವ ಸಾಧ್ಯತೆ ಇದೆ. ಸದ್ದು ಕೇಳಿದಾಗ ಹೋಗಿ ಬೆಲ್ ಒತ್ತಿ, ಹಾಲೋ ಸಕ್ಕರೆಯೋ ಕೇಳಿ. ಬ್ರೇಕ್‌ಥ್ರೂ ಸಂಸ್ಥೆ 2008ರಲ್ಲಿ 'ಬೆಲ್ ಬಜಾವೋ' ಎಂದು ದೇಶಕ್ಕೆಲ್ಲ ಹೇಳಿದ್ದು ಇಷ್ಟನ್ನೇ. ಒಬ್ಬರೇ ಹೋಗಬೇಡಿ, ಗಂಡನಿಗೆ ಉಪದೇಶ ಮಾಡಬೇಡಿ. ಜೀವಕ್ಕೆ ಅಪಾಯವೆನಿಸಿದರೆ 112. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆದರೂ, ಇಂಥ ಮಹಿಳೆಯರ ನೆರವಿಗೆಂದು ಸರ್ಕಾರ ನೇಮಿಸುವ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ ಎಂದು 2005ರ ಕೌಟುಂಬಿಕ ಹಿಂಸೆಯ ಕಾಯ್ದೆಯ 4ನೆಯ ಸೆಕ್ಷನ್ ಹೇಳುತ್ತದೆ. ಆಕೆಯೊಂದಿಗೆ ಮಾತನಾಡುವ ಕೆಲಸವನ್ನು ನಿಮ್ಮ ಮನೆಯವರಿಗೆ ಬಿಡಿ. ಮಾರ್ಕೆಟ್ಟಿಗೆ ಹೋಗುವಾಗಲೋ ಲಿಫ್ಟಿನ ಹತ್ತಿರವೋ, ಗಂಡನೂ ಮಕ್ಕಳೂ ಇಲ್ಲದಿರುವಾಗ, 'ನಿನಗೆ ಯಾವ ಹೊತ್ತಿಗೆ ಬೇಕಾದರೂ ನಮ್ಮ ಬಾಗಿಲು ತಟ್ಟಬಹುದು' ಎಂದಷ್ಟೇ ಹೇಳಲಿ. ಮೊದಲ ಸಲ ಆಕೆ 'ಹಾಗೇನೂ ಇಲ್ಲ ಆಂಟಿ' ಎಂದೇ ಹೇಳುವ ಸಾಧ್ಯತೆ ಹೆಚ್ಚು. ಸ್ವಲ್ಪ ದಿನ ಬಿಟ್ಟು ಮತ್ತೊಮ್ಮೆ ಹೇಳಲಿ.